ಹದಿನೈದು ವರ್ಷದ ದ್ರಾಕ್ಷಿ ಚರ್ಚೆಯನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವುದು ಹೇಗೆ?

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು. 2010ರಲ್ಲಿ ಆರು ಜನ ಗೆಳೆಯರು ಸೇರಿ ಪಿಎಚ್‌ಪಿಬಿಬಿ 3.0 ತಂತ್ರಾಂಶದಲ್ಲಿ ಕನ್ನಡದ ಚರ್ಚಾವೇದಿಕೆಯೊಂದನ್ನು ಆರಂಭಿಸಿದೆವು. ಈಗ ಜಮಖಂಡಿ, ಅಥಣಿ ಕಡೆಯವರೂ ಸೇರಿ ಸುಮಾರು ನಾಲ್ಕು ಸಾವಿರ ಸದಸ್ಯರಿದ್ದಾರೆ. ಚಾಟ್ನಿಯಿಂದ (ಬಳ್ಳಿ ಸವರುವುದರಿಂದ) ಹಿಡಿದು ಒಣದ್ರಾಕ್ಷಿ ಶೆಡ್ಡಿನವರೆಗೆ ಎಲ್ಲ ವಿಷಯಗಳ ಪ್ರಶ್ನೋತ್ತರ ಅಲ್ಲಿದೆ. ವೇದಿಕೆ ಓಡಲು ಸರ್ವರಿನಲ್ಲಿ ಬೇಕಾದ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ ಪಿಎಚ್‌ಪಿ 5.6 ಅನ್ನು ಸೆಪ್ಟೆಂಬರ್ ಕೊನೆಗೆ ನಿಲ್ಲಿಸುವುದಾಗಿ ಹೋಸ್ಟಿಂಗ್ ಕಂಪನಿಯವರು ಈ ಜೂನ್‌ನಲ್ಲಿ ತಿಳಿಸಿದ್ದಾರೆ. ಕೆಲವರು ಡಿಸ್ಕೋರ್ಸ್ ಎಂಬ ಬೇರೊಂದು ಚರ್ಚಾ ತಂತ್ರಾಂಶಕ್ಕೆ ಹೋಗೋಣ ಎನ್ನುತ್ತಾರೆ, ಇನ್ನು ಕೆಲವರು ಎಲ್ಲ ಬಿಟ್ಟು ವಾಟ್ಸ್‌ಆ್ಯಪ್ ಸಾಕು ಎನ್ನುತ್ತಾರೆ. ಪ್ರಾಯೋಗಿಕವಾಗಿ ಒಮ್ಮೆ ಸಾಗಿಸಿ ನೋಡಿದಾಗ ಕನ್ನಡವೆಲ್ಲ ವಿಚಿತ್ರ ಚಿಹ್ನೆಗಳಾಗಿ ಕಂಡಿತು. ಆರಂಭದಲ್ಲಿ ನಮ್ಮೂರಿನ ಔಷಧಿ ಅಂಗಡಿಯವರೇ ತಮ್ಮ ಇಮೇಲ್ ಕೊಟ್ಟು ಹಲವು ರೈತರ ಖಾತೆ ತೆರೆದುಕೊಟ್ಟಿದ್ದರು. ಅವರೆಲ್ಲರ ಪಾಸ್‌ವರ್ಡ್ ಹೊಸ ಕಡೆ ನಡೆಯುತ್ತದೆಯೇ? ಇನ್ನೊಂದು ಮಾತು: ವೇದಿಕೆಯಲ್ಲಿ ಅತಿ ಹೆಚ್ಚು ಉತ್ತರ ಬರೆದ ಹಿರಿಯರೊಬ್ಬರು 2021ರಲ್ಲಿ ತೀರಿಕೊಂಡರು. ಅವರ ಹೆಸರು ಅಳಿಸಿಹೋಗಬಾರದು ಎಂಬುದು ನಮ್ಮೆಲ್ಲರ ಆಸೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಒಂದರೊಳಗೊಂದು ಬೆರೆತಿವೆ. ಸರ್ವರಿನಲ್ಲಿರುವ ಹಳೆಯ ಪಿಎಚ್‌ಪಿ ನಿಲ್ಲುತ್ತಿರುವುದು ಮೊದಲನೆಯದು, ಮತ್ತು ಅದಕ್ಕೆ ದಿನಾಂಕವಿದೆ. ವೇದಿಕೆಗೆ ಹೊಸ ತಂತ್ರಾಂಶ ಬೇಕೇ ಎಂಬುದು ಎರಡನೆಯದು, ಅದಕ್ಕೆ ಯಾವ ದಿನಾಂಕವೂ ಇಲ್ಲ. ನಾನು ಕಂಡ ಕೆಟ್ಟ ಸ್ಥಳಾಂತರಗಳಲ್ಲಿ ಹೆಚ್ಚಿನವು ಈ ಎರಡನ್ನೂ ಒಂದೇ ವಾರದಲ್ಲಿ ಮುಗಿಸಲು ಹೊರಟವರ ಕೈಯಲ್ಲಿ ಆದಂಥವು. ಆದ್ದರಿಂದ ಮೊದಲು ಸರ್ವರಿನ ತುರ್ತನ್ನು ಪರಿಹರಿಸಿಕೊಂಡು, ಆಮೇಲೆ ಸಾವಧಾನವಾಗಿ ಎರಡನೆಯದನ್ನು ನಿರ್ಧರಿಸಬೇಕೆಂಬುದು ನನ್ನ ಖಚಿತ ಸಲಹೆ.

ಹೋಸ್ಟಿಂಗ್ ಕಂಪನಿಯವರ ಮೇಲೆ ಬೇಸರಪಡಬೇಡಿ. ಪಿಎಚ್‌ಪಿ 5.6ಕ್ಕೆ ಅದನ್ನು ರೂಪಿಸುವವರೇ 2018ರ ಡಿಸೆಂಬರ್ 31ಕ್ಕೆ ಸುರಕ್ಷತಾ ಪರಿಷ್ಕರಣೆಗಳನ್ನು ನಿಲ್ಲಿಸಿದ್ದಾರೆ. ಅಂದಿನಿಂದ ಅದರಲ್ಲಿ ಕಂಡುಬಂದ ದೋಷಗಳಿಗೆ ಅವರಿಂದ ಪರಿಹಾರ ಬಂದಿಲ್ಲ. ನಿಮ್ಮ ಪಿಎಚ್‌ಪಿಬಿಬಿ 3.0 ಆವೃತ್ತಿ ಹೊಸ ಪಿಎಚ್‌ಪಿಯ ಮೇಲೆ ಓಡುವುದಿಲ್ಲವೆಂಬುದೂ ನಿಜ. ಆದರೆ ಅದೇ ತಂತ್ರಾಂಶದ 3.3 ಸರಣಿ ಹೊಸ ಪಿಎಚ್‌ಪಿಯ ಮೇಲೆ ಓಡುತ್ತದೆ, ಮತ್ತು 3.0ಯಿಂದ 3.3ಕ್ಕೆ ನೇರವಾಗಿ ಏರಲು ದಾರಿಯಿದೆ. ಈ ಏರಿಕೆಯಲ್ಲಿ ಲಿಂಕ್‌ಗಳು ಬದಲಾಗುವುದಿಲ್ಲ, ಸದಸ್ಯರ ಹೆಸರು ಬದಲಾಗುವುದಿಲ್ಲ, ಹಳೆಯ ಪಾಸ್‌ವರ್ಡ್‌ಗಳೂ ನಡೆಯುತ್ತವೆ. ನೀವು ಕಳೆದುಕೊಳ್ಳುವುದು 3.0ಗಾಗಿ ಹಾಕಿಕೊಂಡಿದ್ದ ಹೆಚ್ಚುವರಿ ಮಾರ್ಪಾಡುಗಳನ್ನು ಮತ್ತು ಪುಟದ ಹಳೆಯ ವಿನ್ಯಾಸವನ್ನು. ಅವು 3.1ರಿಂದ ಈಚೆಗೆ ಹೊಂದುವುದಿಲ್ಲ. ಹೀಗಾಗಿ ಏರಿಸುವ ಮೊದಲು ಅವನ್ನು ತೆಗೆದು, ಮೂಲ ವಿನ್ಯಾಸಕ್ಕೆ ಮರಳಿ, ಮುಖ್ಯ ಸಂರಚನಾ ಕಡತ ಮತ್ತು ಸದಸ್ಯರು ಏರಿಸಿದ ಚಿತ್ರ, ಕಡತಗಳ ಫೋಲ್ಡರ್‌ಗಳನ್ನು ಉಳಿಸಿಕೊಂಡು ಉಳಿದ ಹಳೆಯ ಕಡತಗಳನ್ನು ಬದಲಿಸಬೇಕು. ಇದನ್ನು ಜುಲೈ ಅಥವಾ ಆಗಸ್ಟ್‌ನಲ್ಲಿ ಮಾಡಿ. ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಡಿ, ಏಕೆಂದರೆ ಅಲ್ಲಿಂದಾಚೆ ಅಕ್ಟೋಬರ್ ಚಾಟ್ನಿ. ಚಿಗುರೊಡೆದ ದ್ರಾಕ್ಷಿ ಪಡದಲ್ಲಿ (ತೋಟದಲ್ಲಿ) ಮಳೆ ಬಿದ್ದು ಡೌನಿ ರೋಗ ಕಾಣಿಸಿಕೊಂಡ ದಿನ ರೈತ ವೇದಿಕೆ ತೆರೆದಾಗ ಅದು ಮುಚ್ಚಿದ್ದರೆ, ಅವನು ಮರುದಿನ ಬಂದು ನೋಡುವುದಿಲ್ಲ.

ಇನ್ನು ಡಿಸ್ಕೋರ್ಸ್ ಮತ್ತು ವಾಟ್ಸ್‌ಆ್ಯಪ್ ವಿಷಯ. ವಾಟ್ಸ್‌ಆ್ಯಪ್ ಸಾಕೆನ್ನುವವರ ಮಾತಿನಲ್ಲಿ ಸತ್ಯವಿದೆ: ಜನ ಇರುವುದು ಅಲ್ಲಿ. ಫೋಟೊ ಕಳಿಸಿ ಹತ್ತು ನಿಮಿಷದಲ್ಲಿ ಉತ್ತರ ಪಡೆಯಲು ಅದಕ್ಕಿಂತ ಸುಲಭದ ಜಾಗವಿಲ್ಲ. ಆದರೆ ಒಂದು ಗುಂಪಿಗೆ 1024 ಜನರ ಮಿತಿಯಿದೆ, ಗೂಗಲ್‌ನಲ್ಲಿ ಹುಡುಕಿದವರಿಗೆ ಅಲ್ಲಿನ ಮಾತು ಸಿಗುವುದಿಲ್ಲ, ಮತ್ತು ಅದೇ ಪ್ರಶ್ನೆ ಪ್ರತಿವರ್ಷ ಹೊಸದಾಗಿ ಹುಟ್ಟುತ್ತದೆ. ಬೇರೆಯವರ ಅಂಗಳದಲ್ಲಿ ಸಮುದಾಯ ಕಟ್ಟಿದರೆ ಏನಾಗುತ್ತದೆಂಬುದನ್ನು ಕನ್ನಡಿಗರು ಈಗಾಗಲೇ ಕಂಡಿದ್ದೇವೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿತು, ಅಲ್ಲಿದ್ದ ಎಷ್ಟೋ ಕನ್ನಡ ಚರ್ಚೆ ಇಂದು ಯಾರ ಕೈಗೂ ಸಿಗುವುದಿಲ್ಲ. ವಾಟ್ಸ್‌ಆ್ಯಪ್ ಗುಂಪನ್ನು ತುರ್ತು ಮಾತಿಗೆ ಇಟ್ಟುಕೊಳ್ಳಿ. ಅಲ್ಲಿ ಸಿಕ್ಕ ಒಳ್ಳೆಯ ಉತ್ತರವನ್ನು ವೇದಿಕೆಗೆ ತಂದು ಹಾಕುವ ಕೆಲಸವನ್ನು ಇಬ್ಬರು ಮೂವರು ವಹಿಸಿಕೊಳ್ಳಲಿ.

ಡಿಸ್ಕೋರ್ಸ್ ಒಳ್ಳೆಯ ತಂತ್ರಾಂಶ, ಮೊಬೈಲಿನಲ್ಲಿ ಓದಲು ಹಿತವಾಗಿದೆ. ಆದರೆ ನೀವು ಈಗ ಬಳಸುತ್ತಿರುವಂಥ ಹಂಚಿಕೆಯ ಹೋಸ್ಟಿಂಗ್‌ನಲ್ಲಿ, ಅಂದರೆ ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಕಡೆ, ಅದು ಓಡುವುದಿಲ್ಲ. ರೂಬಿ, ಪೋಸ್ಟ್‌ಗ್ರೆಸ್, ರೆಡಿಸ್ ಎಂಬ ಪೂರಕ ತಂತ್ರಾಂಶಗಳೆಲ್ಲವನ್ನೂ ಒಳಗೊಂಡ ಪ್ರತ್ಯೇಕ ಸರ್ವರ್ ಬೇಕು. ಒಂದು ಜಿಬಿ ಮೆಮೊರಿಯಲ್ಲಿ ಹೇಗೋ ನಡೆದೀತು, ಎರಡು ಜಿಬಿ ಇದ್ದರೆ ನೆಮ್ಮದಿ. ಸರ್ವರ್ ನೋಡಿಕೊಳ್ಳಲು ಲಿನಕ್ಸ್ ಬಲ್ಲ ಒಬ್ಬರು ಇರಲೇಬೇಕು, ಆ ಒಬ್ಬರು ಊರು ಬಿಟ್ಟರೆ ಇನ್ನೊಬ್ಬರು ಇರಬೇಕು. ಫ್ಲಾರಮ್ ಎಂಬ ಇನ್ನೊಂದು ಆಯ್ಕೆಯಿದೆ. ಅದು ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸಿನ ಮೇಲೆಯೇ ನಡೆಯುತ್ತದೆ, ಹಗುರವಾಗಿದೆ. ಆದರೆ ಪಿಎಚ್‌ಪಿಬಿಬಿಯಿಂದ ಡೇಟಾ ತರುವ ಸಿದ್ಧ ಸಾಧನ ಡಿಸ್ಕೋರ್ಸ್‌ನಲ್ಲಿ ಹೆಚ್ಚು ಪಳಗಿದೆ. ನಿಮ್ಮ ಗಾತ್ರದ ವೇದಿಕೆಗೆ ಪಿಎಚ್‌ಪಿಬಿಬಿ 3.3, ಡಿಸ್ಕೋರ್ಸ್, ಫ್ಲಾರಮ್ ಮೂರು ದಾರಿಯೂ ಸಾಧ್ಯ. ಬೇರೆ ತಂತ್ರಾಂಶಕ್ಕೆ ಹೋದರೆ ಮುಂದೆ ಹೇಳುವ ಅಪಾಯಗಳು ಎದುರಾಗುತ್ತವೆ. ಪೋಸ್ಟ್‌ಗಳು ಕಳೆದುಹೋಗುತ್ತವೆ ಎಂಬ ಭಯ ಎಲ್ಲರಿಗೂ ಇರುತ್ತದೆ, ಆದರೆ ಬ್ಯಾಕಪ್ ಇದ್ದರೆ ಅವು ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ. ಕನ್ನಡದ ವೇದಿಕೆ ಸ್ಥಳಾಂತರದಲ್ಲಿ ನಿಜವಾಗಿ ಕಳೆದುಕೊಳ್ಳುವುದು ಬರೆದವರ ಹೆಸರನ್ನು ಮತ್ತು ಬರೆದದ್ದನ್ನು ಹುಡುಕುವ ದಾರಿಯನ್ನು.

ನಿಮ್ಮ ಪ್ರಯೋಗದಲ್ಲಿ ಕಂಡ ವಿಚಿತ್ರ ಚಿಹ್ನೆಗಳಿಂದ ಆರಂಭಿಸುತ್ತೇನೆ. ಯೂನಿಕೋಡ್‌ನಲ್ಲಿ ಬರೆದ ಕನ್ನಡದ ಒಂದೊಂದು ಅಕ್ಷರಸಂಕೇತವೂ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ಜಾಗ ತೆಗೆದುಕೊಳ್ಳುತ್ತದೆ. ‘ಕ’ ಎಂಬ ಒಂದೇ ಅಕ್ಷರ ಡಿಸ್ಕಿನ ಮೇಲೆ ಮೂರು ಸಂಖ್ಯೆಗಳಾಗಿ ಕುಳಿತಿರುತ್ತದೆ. ಓದುವ ತಂತ್ರಾಂಶ ಆ ಮೂರನ್ನೂ ಸೇರಿಸಿ ಓದಿದರೆ ‘ಕ’ ಕಾಣುತ್ತದೆ. ಇದು ಪಾಶ್ಚಾತ್ಯ ಭಾಷೆಗಳ ಲ್ಯಾಟಿನ್-1 ಸಂಕೇತವೆಂದು ತಪ್ಪು ತಿಳಿದು ಒಂದೊಂದನ್ನೇ ಬಿಡಿಸಿ ಓದಿದರೆ, ತಲೆಯ ಮೇಲೆ ಗೀಟಿರುವ ಒಂದು ರೋಮನ್ ಅಕ್ಷರ, ಮೇಲಕ್ಕೇರಿದ ಒಂದು ಪುಟ್ಟ 2, ಒಂದು ಕರಿ ಚುಕ್ಕೆ ಕಾಣುತ್ತವೆ. ನೀವು ನೋಡಿದ್ದು ಬಹುಶಃ ಅದನ್ನೇ. ಡೇಟಾಬೇಸಿನ ಪ್ರತಿ ತೆಗೆಯುವಾಗಲೋ ಹೊಸ ಕಡೆ ತುಂಬುವಾಗಲೋ ಅಕ್ಷರಸಂಕೇತವನ್ನು ತಪ್ಪಾಗಿ ನಮೂದಿಸಿದಾಗ ಹೀಗಾಗುತ್ತದೆ. ಎರಡೂ ಕಡೆ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ ಮತ್ತೆ ತುಂಬಿದರೆ ಕನ್ನಡ ಮರಳಿ ಬರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8ಎಂಬಿ4 ಎಂಬುದನ್ನೇ ಆರಿಸಿ. ಅಲ್ಲಿನ ಹಳೆಯ ಯುಟಿಎಫ್8 ಮೂರು ಬೈಟ್‌ಗಳವರೆಗೆ ಮಾತ್ರ ಹಿಡಿಯುವುದರಿಂದ ಕನ್ನಡಕ್ಕೆ ಸಾಲುತ್ತದೆ, ನಾಲ್ಕು ಬೈಟ್ ಬೇಡುವ ಎಮೋಜಿಗೆ ಸಾಲುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಿ. ವಿಚಿತ್ರ ಚಿಹ್ನೆಗಳು ಕಂಡರೆ ಡೇಟಾ ಇನ್ನೂ ಒಳಗಿದೆ ಎಂದರ್ಥ, ಅದನ್ನು ಸಾಮಾನ್ಯವಾಗಿ ಮರಳಿ ಪಡೆಯಬಹುದು. ಚೌಕಗಳು ಕಂಡರೆ ಆ ಯಂತ್ರದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲ, ಅಷ್ಟೆ. ಆದರೆ ಕನ್ನಡವಿದ್ದ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಕೈ ನಿಲ್ಲಿಸಿ. ಕನ್ನಡವನ್ನು ಹಿಡಿಯಲಾರದ ಸಂಕೇತಕ್ಕೆ ಪರಿವರ್ತಿಸಲು ಹೋಗಿ ಅಕ್ಷರಗಳೇ ಹೋಗಿವೆ, ಆ ಪ್ರತಿಯಿಂದ ಅವು ಎಂದಿಗೂ ಮರಳುವುದಿಲ್ಲ. ಮೂಲ ಬ್ಯಾಕಪ್‌ಗೇ ಹಿಂತಿರುಗಬೇಕು. ಮೂಲ ಬ್ಯಾಕಪ್ ಅನ್ನು ಎಡಿಟರಿನಲ್ಲಿ ತೆರೆದು ಸೇವ್ ಮಾಡಬಾರದು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ.

2010ರ ವೇದಿಕೆಯಲ್ಲಿ ಇನ್ನೊಂದು ಬಗೆಯ ಕನ್ನಡವೂ ಇದ್ದೇ ಇರುತ್ತದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ವರ್ಡ್ ಕಡತದೊಳಗೆ ಬರೆದು, ಅದನ್ನು ಹಾಗೆಯೇ ತಂದು ಅಂಟಿಸಿದ ಪೋಸ್ಟ್‌ಗಳು. ಅವು ಯೂನಿಕೋಡ್ ಅಲ್ಲ. ಗಣಕದ ದೃಷ್ಟಿಯಲ್ಲಿ ಅವು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು, ಕನ್ನಡ ಕಾಣುವುದು ಆ ಅಕ್ಷರಶೈಲಿ ಇದ್ದಾಗ ಮಾತ್ರ. ಅವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳಿವೆ, ಬಳಸಿ. ಆದರೆ ಇಡೀ ಡೇಟಾಬೇಸಿನ ಮೇಲೆ ಒಮ್ಮೆಲೇ ಓಡಿಸಬೇಡಿ. ಸದಸ್ಯರೊಬ್ಬರು ಔಷಧಿಯ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದಿದ್ದರೆ ಪರಿವರ್ತಕ ಅದನ್ನೂ ನುಡಿಯ ಅಕ್ಷರಗಳೆಂದು ಭಾವಿಸಿ ಅರ್ಥವಿಲ್ಲದ ಕನ್ನಡ ಪದವನ್ನಾಗಿ ಮಾಡುತ್ತದೆ. ಕಂಗ್ಲಿಷ್‌ನಲ್ಲಿ, ಅಂದರೆ ರೋಮನ್ ಲಿಪಿಯ ಕನ್ನಡದಲ್ಲಿ, ಬರೆದವರ ಪೋಸ್ಟ್ ಪೂರ್ತಿ ಹಾಳಾಗುತ್ತದೆ. ಅರ್ಕಾವತ್ತಿನದು ಮತ್ತೊಂದು ತೊಡಕು. ‘ಕರ್ಪೂರ’ ಎಂದು ಬರೆಯುವಾಗ ನಾವು ಅರ್ಕಾವತ್ತನ್ನು ‘ಪೂ’ ಆದಮೇಲೆ ಹಾಕುತ್ತೇವೆ, ನುಡಿಯ ಹಳೆಯ ಸಂಕೇತವೂ ಕಣ್ಣಿಗೆ ಕಾಣುವ ಅದೇ ಕ್ರಮವನ್ನು ಅನುಸರಿಸುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ, ಅಲ್ಲಿ ರಕಾರ ಮೊದಲು. ಪರಿವರ್ತಕ ಇದನ್ನು ತಿರುಗಿಸಿ ಜೋಡಿಸಬೇಕು, ಎಲ್ಲ ಪರಿವರ್ತಕಗಳೂ ಇದನ್ನು ಸರಿಯಾಗಿ ಮಾಡುವುದಿಲ್ಲ. ಸಿಂಪಡಣೆಯ ಪ್ರಮಾಣ ಹೇಳುವ ಪೋಸ್ಟ್‌ಗಳನ್ನು ಮಾತ್ರ ಮನುಷ್ಯರೇ ಓದಿ ನೋಡಬೇಕು. ಅಲ್ಲಿ ಔಷಧಿಯ ಹೆಸರು ತಪ್ಪಿದರೆ ನಷ್ಟ ಪಡದಲ್ಲಿ ಆಗುತ್ತದೆ. ನಿಮ್ಮ ಸದಸ್ಯರಲ್ಲಿ ಹತ್ತು ಜನ ತಲಾ ಒಂದು ವಿಭಾಗ ಹಂಚಿಕೊಂಡರೆ ಇದು ಆಗುವ ಕೆಲಸ. ಮೂಲ ಪಠ್ಯವನ್ನು ಪರಿವರ್ತಿತ ಪೋಸ್ಟ್‌ನ ಜೊತೆಗೇ ಬೇರೆ ಕಡೆ ಉಳಿಸಿಡಿ.

ಈಗ ಔಷಧಿ ಅಂಗಡಿಯ ಇಮೇಲ್. ನಿಮ್ಮ ಪತ್ರದಲ್ಲಿ ನೀವು ಸಹಜವಾಗಿ ಬರೆದ ಈ ಸಾಲೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಎಚ್ಚರಿಸಿತು. ಪಿಎಚ್‌ಪಿಬಿಬಿಯಲ್ಲಿ ಒಂದೇ ಇಮೇಲ್‌ನಿಂದ ಹಲವು ಖಾತೆ ತೆರೆಯಲು ಆಡಳಿತಗಾರರು ಅನುಮತಿ ಕೊಡಬಹುದು. ಡಿಸ್ಕೋರ್ಸ್‌ನಲ್ಲಿ ಒಂದು ಇಮೇಲ್‌ಗೆ ಒಬ್ಬರೇ ಸದಸ್ಯರು. ಹಾಗಾಗಿ ಡೇಟಾ ಸಾಗಿಸುವ ಸಾಧನ ಅದೇ ಇಮೇಲ್ ಮತ್ತೆ ಕಂಡಾಗ, ಇವರು ಈಗಾಗಲೇ ಬಂದಿದ್ದಾರೆ ಎಂದು ತಿಳಿದು ಆ ಪೋಸ್ಟ್‌ಗಳನ್ನೂ ಮೊದಲಿನವರ ಹೆಸರಿಗೇ ಸೇರಿಸುತ್ತದೆ. ಯಾವ ದೋಷಸಂದೇಶವೂ ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ಬೆಳಗಾವಿ ಜಿಲ್ಲೆಯ ಶಿಕ್ಷಕರ ಸಮುದಾಯವೊಂದರ ಸ್ಥಳಾಂತರವನ್ನು ನಾನೇ ಮಾಡಿದ್ದೆ. ಎಲ್ಲ ಪೋಸ್ಟ್‌ಗಳೂ ಬಂದವು, ಲೆಕ್ಕ ಸರಿಹೊಂದಿತು, ನಾನು ಕೆಲಸ ಮುಗಿಯಿತೆಂದು ತಿಳಿದೆ. ಎರಡು ದಿನದ ನಂತರ ಒಬ್ಬ ಶಿಕ್ಷಕಿ ಫೋನ್ ಮಾಡಿ, ತಾವು ಬರೆದ ಗಣಿತದ ಪಾಠಗಳ ಮೇಲೆ ಬೇರೆಯವರ ಹೆಸರಿದೆ ಎಂದರು. ಒಂದೇ ಶಾಲೆಯ ಸಾಮಾನ್ಯ ಇಮೇಲ್‌ನಿಂದ ಖಾತೆ ತೆರೆದಿದ್ದ ಅಷ್ಟೂ ಶಿಕ್ಷಕರು ಒಬ್ಬರೇ ವ್ಯಕ್ತಿಯಾಗಿಬಿಟ್ಟಿದ್ದರು. ಪೋಸ್ಟ್‌ಗಳನ್ನು ಎಣಿಸಿದ್ದ ನಾನು ಸದಸ್ಯರನ್ನು ಎಣಿಸಿರಲಿಲ್ಲ. ಹಳೆಯ ಬ್ಯಾಕಪ್ ಇದ್ದುದರಿಂದ ಮತ್ತೆ ಮೊದಲಿನಿಂದ ಮಾಡಿ ಸರಿಪಡಿಸಿದೆ, ಆದರೆ ಆ ಎರಡು ದಿನಗಳಲ್ಲಿ ಬಂದಿದ್ದ ಹೊಸ ಪೋಸ್ಟ್‌ಗಳನ್ನು ಕೈಯಿಂದಲೇ ಸೇರಿಸಬೇಕಾಯಿತು. ಆ ಶಿಕ್ಷಕಿಯ ಧ್ವನಿಯಲ್ಲಿದ್ದ ನೋವು ನನಗೆ ಇಂದಿಗೂ ನೆನಪಿದೆ.

ಆದ್ದರಿಂದ ಸಾಗಿಸುವ ಮೊದಲು ಒಂದೇ ಇಮೇಲ್ ಇರುವ ಖಾತೆಗಳ ಪಟ್ಟಿ ತೆಗೆಯಿರಿ. ಪ್ರತಿಯೊಬ್ಬರಿಗೂ ತಾತ್ಕಾಲಿಕವಾಗಿ ಬೇರೆ ಬೇರೆ ವಿಳಾಸ ಕೊಟ್ಟು, ಆಮೇಲೆ ನಿಜವಾದುದನ್ನು ಸೇರಿಸಿ. ಕನ್ನಡದಲ್ಲಿ ಬಳಕೆದಾರ ಹೆಸರು ಇಟ್ಟುಕೊಂಡವರನ್ನೂ ಗಮನಿಸಿ. ಡಿಸ್ಕೋರ್ಸ್‌ನಲ್ಲಿ ಯೂನಿಕೋಡ್ ಹೆಸರುಗಳಿಗೆ ಅನುಮತಿ ಕೊಡುವ ಆಯ್ಕೆ ಇದೆ, ಆದರೆ ಮೊದಲಿಗೆ ಅದು ಮುಚ್ಚಿರುತ್ತದೆ. ಅದನ್ನು ತೆರೆಯದೆ ಸಾಗಿಸಿದರೆ ಕನ್ನಡದ ಹೆಸರುಗಳು ಹೋಗಿ ಅವುಗಳ ಜಾಗದಲ್ಲಿ ಗುರುತು ಸಿಗದ ರೋಮನ್ ಹೆಸರುಗಳು ಬರುತ್ತವೆ.

ಪಾಸ್‌ವರ್ಡ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಆಡಳಿತಗಾರರ ಬಳಿ ಎಲ್ಲರ ಪಾಸ್‌ವರ್ಡ್ ಇರುತ್ತದೆ, ಅದನ್ನು ಹೊಸ ಕಡೆ ನಕಲು ಮಾಡಿದರೆ ಸಾಕು ಎಂದು ಜನ ಭಾವಿಸುತ್ತಾರೆ. ಇರುವುದು ಪಾಸ್‌ವರ್ಡ್‌ನಿಂದ ಲೆಕ್ಕಹಾಕಿದ, ಹಿಂದಕ್ಕೆ ಬಿಡಿಸಲಾಗದ ಒಂದು ಸಂಕೇತ ಮಾತ್ರ, ಮತ್ತು ಒಂದೊಂದು ತಂತ್ರಾಂಶ ಅದನ್ನು ಒಂದೊಂದು ರೀತಿ ಲೆಕ್ಕಹಾಕುತ್ತದೆ. ಹಳೆಯ ಸಂಕೇತವನ್ನು ಗುರುತಿಸುವ ಹೆಚ್ಚುವರಿ ಪ್ಲಗಿನ್ ಹಾಕಿಕೊಂಡರೆ ಹಳೆಯ ಪಾಸ್‌ವರ್ಡ್ ಹೊಸ ಕಡೆಯೂ ನಡೆದೀತು. ಇಲ್ಲದಿದ್ದರೆ ಎಲ್ಲರೂ ಇಮೇಲ್ ಮೂಲಕ ಹೊಸದಾಗಿ ಪಡೆಯಬೇಕು. ನಿಮ್ಮ ಸದಸ್ಯರಲ್ಲಿ ಬಹಳ ಜನ ಆ ಇಮೇಲ್ ತೆರೆದು ನೋಡಿ ಹತ್ತು ವರ್ಷವಾಗಿರಬಹುದು. ಮೊಬೈಲ್ ಓಟಿಪಿ ಇಡೋಣವೆಂದರೆ ನಮ್ಮ ದೇಶದಲ್ಲಿ ಅಂಥ ಎಸ್‌ಎಂಎಸ್ ಕಳಿಸಲು ಕಳಿಸುವವರ ಹೆಸರು ಮತ್ತು ಸಂದೇಶದ ಮಾದರಿಯನ್ನು ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ಸಣ್ಣ ಗುಂಪಿಗೆ ಅದು ಹೊರೆ. ನನ್ನ ಅನುಭವದಲ್ಲಿ ಕೆಲಸ ಮಾಡುವ ದಾರಿ ಹಳ್ಳಿಯದೇ: ಪ್ರತಿ ಊರಿಗೆ ಪರಿಚಯದ ಒಬ್ಬರು, ಖಾತೆಯ ಹೆಸರು ಕೇಳಿ, ಮಾತಾಡಿ ಗುರುತು ಹಿಡಿದು, ಹೊಸ ಇಮೇಲ್ ಸೇರಿಸಿಕೊಡುವುದು. ಇದಕ್ಕಾಗಿ ಸದಸ್ಯರ ಫೋನ್ ನಂಬರುಗಳ ಪಟ್ಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯನ್ನು ಬದಿಗಿಟ್ಟು ನೋಡಿದರೂ, ಸದಸ್ಯರು ಆ ನಂಬರುಗಳನ್ನು ಕೊಟ್ಟದ್ದು ನಿಮ್ಮನ್ನು ನಂಬಿ.

ಹಳೆಯ ಲಿಂಕ್‌ಗಳ ಮಾತು ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಡಿಸ್ಕೋರ್ಸ್‌ಗೆ ಹೋದರೆ ಪ್ರತಿ ಚರ್ಚೆಯ ವಿಳಾಸವೂ ಬದಲಾಗುತ್ತದೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕರೆದೊಯ್ಯುವ ಶಾಶ್ವತ ತಿರುವನ್ನು, ಅಂದರೆ 301 ಎಂಬ ಸಂಕೇತದ ತಿರುವನ್ನು, ಪ್ರತಿಯೊಂದಕ್ಕೂ ಇಡಬೇಕು. ಕನಿಷ್ಠ ಒಂದು ವರ್ಷ ಇಡಿ ಎಂದು ಗೂಗಲ್ ಹೇಳುತ್ತದೆ, ನೀವು ವೇದಿಕೆ ಇರುವವರೆಗೂ ಇಡಿ. ವಿಳಾಸದೊಳಗೆ ಕನ್ನಡ ಶೀರ್ಷಿಕೆ ಬರಬೇಕೇ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಅದು ಬ್ರೌಸರಿನಲ್ಲಿ ಚೆಂದ ಕಾಣುತ್ತದೆ, ಆದರೆ ಲಿಂಕ್ ಕಾಪಿ ಮಾಡಿ ಕಳಿಸಿದಾಗ ಒಂದೊಂದು ಸಂಕೇತವೂ ಒಂಬತ್ತು ರೋಮನ್ ಚಿಹ್ನೆಗಳಾಗಿ ಒಡೆಯಬಹುದು. ‘ದ್ರಾಕ್ಷಿ’ ಎಂಬ ಒಂದು ಪದದಲ್ಲಿ ಎಂಟು ಸಂಕೇತಗಳಿವೆ, ಅಂದರೆ 72 ಚಿಹ್ನೆ. ಇಡೀ ಶೀರ್ಷಿಕೆ ಹೀಗೆ ಒಡೆದರೆ ವಾಟ್ಸ್‌ಆ್ಯಪ್‌ನಲ್ಲಿ ಅದನ್ನು ನೋಡಿದವರು ವೈರಸ್ ಇರಬೇಕೆಂದು ಹೆದರಿ ಒತ್ತುವುದೇ ಇಲ್ಲ. ಬರೀ ಸಂಖ್ಯೆಯ ವಿಳಾಸ ನಿಮಗೆ ಮೇಲು.

ಹುಡುಕಾಟವನ್ನು ಸಾಗಿಸಿದ ಮೇಲೆ ಅಲ್ಲ, ಪ್ರಯೋಗದ ಪ್ರತಿಯಲ್ಲೇ ಪರೀಕ್ಷಿಸಿ. ‘ಸಾಫ್ಟ್‌ವೇರ್’ನಂಥ ಪದದ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಅದನ್ನು ಹಾಕಿದವರ ಪದ ಬೇರೆ, ಹಾಕದವರ ಪದ ಬೇರೆ ಎಂದು ಗಣಕ ತಿಳಿಯಬಹುದು. ‘ಕೊ’ ಎಂಬುದನ್ನೂ ಎರಡು ರೀತಿ ಸಂಗ್ರಹಿಸಲು ಸಾಧ್ಯ: ಸ್ವರಚಿಹ್ನೆ ಒಂದೇ ಆಗಿ, ಅಥವಾ ಎರಡು ತುಂಡಾಗಿ. ‘ಕೊ’ದಂಥ ಎರಡು ರೂಪಗಳನ್ನು ಒಂದಾಗಿಸುವ ಯೂನಿಕೋಡ್ ಪ್ರಮಾಣೀಕರಣವನ್ನು ಸಾಗಿಸುವಾಗಲೇ ಮಾಡಿ. ಕಾಣದ ಸಂಕೇತದ ವ್ಯತ್ಯಾಸ ಅದರಿಂದ ಹೋಗುವುದಿಲ್ಲ, ಅದನ್ನು ಬೇರೆಯಾಗಿ ನೋಡಿಕೊಳ್ಳಬೇಕು. ನಿಮ್ಮ ಸದಸ್ಯರು ನಿಜವಾಗಿ ಹುಡುಕುವ ಐವತ್ತು ಪದಗಳನ್ನು ಬರೆದುಕೊಂಡು, ಹಳೆಯ ಕಡೆ ಸಿಕ್ಕದ್ದು ಹೊಸ ಕಡೆಯೂ ಸಿಗುತ್ತದೆಯೇ ಎಂದು ಒಂದೊಂದಾಗಿ ನೋಡಿ. ಬೂದಿ ರೋಗ, ಡೌನಿ, ಥಾಮ್ಸನ್, ಮಾಣಿಕ್ ಚಮನ್, ಬೋರ್ಡೊ ಎಂದು ಅವರು ಟೈಪ್ ಮಾಡುವ ಕಾಗುಣಿತದಲ್ಲೇ ಹುಡುಕಿ.

ಡಿಸ್ಕೋರ್ಸ್‌ಗೆ ಹೋಗುವುದಾದರೆ ಮುಂದಿನ ವರ್ಷ, ಒಣದ್ರಾಕ್ಷಿಯ ಕೆಲಸವೂ ಏಪ್ರಿಲ್ ಚಾಟ್ನಿಯೂ ಮುಗಿದ ಮೇಲೆ ಹೋಗಿ. ಅಷ್ಟರೊಳಗೆ ಕನಿಷ್ಠ ಮೂರು ಸಲ ಪ್ರಾಯೋಗಿಕವಾಗಿ ಸಾಗಿಸಿ ನೋಡಿರಬೇಕು. ಪ್ರಯೋಗದ ವೇಳೆ ಹೊಸ ಸರ್ವರಿನ ಇಮೇಲ್ ಕಳಿಸುವಿಕೆಯನ್ನು ಪೂರ್ತಿ ಮುಚ್ಚಿಡಿ, ಇಲ್ಲವಾದರೆ ಹಳೆಯ ಪೋಸ್ಟ್‌ಗಳ ಸೂಚನೆಗಳು ಸದಸ್ಯರಿಗೆ ಹೋಗಿ, ಹೊಸ ಸರ್ವರಿನ ವಿಳಾಸ ಮೊದಲ ದಿನವೇ ಸ್ಪ್ಯಾಮ್ ಪಟ್ಟಿ ಸೇರುತ್ತದೆ. ನಿಜವಾಗಿ ಬದಲಿಸುವ ದಿನ ಹಳೆಯ ವೇದಿಕೆಯನ್ನು ಓದಲು ಮಾತ್ರ ತೆರೆದಿಟ್ಟು, ಕೊನೆಯ ಪ್ರತಿ ತೆಗೆದು ಸಾಗಿಸಿ. ಪೋಸ್ಟ್, ಸದಸ್ಯರು, ಫೋಟೊಗಳು, ಮೂರನ್ನೂ ಬೇರೆ ಬೇರೆಯಾಗಿ ಎಣಿಸಿ. ಬ್ಯಾಕಪ್ ಎರಡು ಊರಿನ ಎರಡು ಕಂಪ್ಯೂಟರುಗಳಲ್ಲಿರಲಿ, ಅದನ್ನು ಒಮ್ಮೆ ಮರಳಿ ತೆರೆದು ವೇದಿಕೆ ನಿಲ್ಲುತ್ತದೆಂದು ಕಂಡಿರಲಿ. ಈ ವರ್ಷದ 3.3 ಏರಿಕೆಗೂ ಇದೇ ನಿಯಮ. ಏರಿಸಿ ನೋಡಿದ ಮೇಲೆ ಸದಸ್ಯರಿಗೆ ಅದೇ ಸಾಕೆನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಅದರಲ್ಲಿ ಯಾವ ಕೊರತೆಯೂ ಇಲ್ಲ.

ಕೊನೆಗೆ ನಿಮ್ಮ ಹಿರಿಯರ ಖಾತೆ. ಖಾತೆಯನ್ನು ಅಳಿಸಬೇಡಿ. ಅಳಿಸಿದರೆ ಪೋಸ್ಟ್ ಉಳಿದರೂ ಅದು ಯಾವ ಸದಸ್ಯರ ಖಾತೆಗೂ ಸೇರದೆ ಅತಿಥಿಯ ಪೋಸ್ಟ್ ಆಗುತ್ತದೆ, ಮುಂದಿನ ಸ್ಥಳಾಂತರದಲ್ಲಿ ಆ ಹೆಸರೂ ಜಾರಿಹೋಗಬಹುದು. ಮನೆಯವರೊಡನೆ ಮಾತಾಡಿ ಅವರ ಒಪ್ಪಿಗೆ ಪಡೆಯಿರಿ. ಬೇರೆ ಯಾರೂ ಒಳಬರದಂತೆ ಪಾಸ್‌ವರ್ಡ್ ಬದಲಿಸಿ, ಇಮೇಲ್ ಸೂಚನೆಗಳನ್ನು ನಿಲ್ಲಿಸಿ, ನಿಷ್ಕ್ರಿಯ ಖಾತೆಗಳನ್ನು ತಾನಾಗಿ ತೆಗೆಯುವ ವ್ಯವಸ್ಥೆಯೇನಾದರೂ ಇದ್ದರೆ ಅದರಿಂದ ಈ ಖಾತೆಯನ್ನು ಹೊರಗಿಡಿ. ಅವರ ಪರಿಚಯದ ಜಾಗದಲ್ಲಿ ಊರು, ಬೆಳೆದ ತಳಿ, ಬದುಕಿದ್ದ ಕಾಲವನ್ನು ಎರಡು ಸಾಲಿನಲ್ಲಿ ಬರೆಯಿರಿ. ಪ್ರತಿ ಪ್ರಯೋಗದಲ್ಲೂ ನೀವು ಮೊದಲು ತೆರೆದು ನೋಡುವ ಪುಟ ಅವರದೇ ಆಗಿರಲಿ. ಕನ್ನಡ, ಹೆಸರು, ಫೋಟೊ, ಹಳೆಯ ಲಿಂಕ್ ಎಲ್ಲವೂ ಅಲ್ಲಿವೆ, ಆ ಪುಟ ಸರಿ ಬಂದಿಲ್ಲವಾದರೆ ಸ್ಥಳಾಂತರ ಇನ್ನೂ ಮುಗಿದಿಲ್ಲ.